ಕೈ ಬಿಡುವಾದ ಮೇಲೆ: ಎಲಿಜಬೆತ್ ಕಾಟನ್ ಅವರ ಹಾಡು ಮತ್ತು ದುಡಿಮೆ



ಜನಪದ ಹಾಡುಗಾರರನ್ನು ಸನ್ಮಾನಿಸುವಾಗ ನಾವು ಓದುವ ಬಿನ್ನವತ್ತಳೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಇವರು ಬಡತನದಲ್ಲಿ ಬೆಂದರು, ಆ ನೋವೇ ಹಾಡಾಗಿ ಹರಿಯಿತು ಎಂಬ ಮಾತು ಅದು. ಕೇಳಲು ಚೆನ್ನಾಗಿದೆ. ಹೇಳುವವರ ಮನಸ್ಸಿನಲ್ಲಿ ಗೌರವವೂ ಇರುತ್ತದೆ. ಆದರೆ ಹಾಗೆ ಹೇಳಿದ ಕೂಡಲೇ ಬಡತನಕ್ಕೆ ಉಪಕಾರಿಯ ಸ್ಥಾನ ಸಿಕ್ಕಿಬಿಡುತ್ತದೆ. ಹಸಿವು, ಅವಮಾನ, ಬೆಳಗಿನಿಂದ ರಾತ್ರಿಯವರೆಗಿನ ಕೂಲಿ ಎಲ್ಲವೂ ಕಲಾವಿದರನ್ನು ತಯಾರು ಮಾಡಲೆಂದೇ ಇದ್ದಂತೆ ಕೇಳಿಸುತ್ತದೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ಒಬ್ಬ ಹೆಣ್ಣುಮಗಳ ಬದುಕಿನ ಮೂಲಕ ಹೇಳಬೇಕೆಂದು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಆಕೆಯ ಹೆಸರು ಎಲಿಜಬೆತ್ ಕಾಟನ್. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕರಿಯ ಜನಾಂಗದ ಹೆಣ್ಣುಮಗಳು. ಹನ್ನೊಂದು ಹನ್ನೆರಡರ ಪ್ರಾಯದಲ್ಲಿ ಒಂದು ಹಾಡು ಕಟ್ಟಿದರು. ಇವತ್ತಿಗೂ ಗಿಟಾರು ಕಲಿಯುವವರಲ್ಲಿ ಬಹಳ ಮಂದಿ ಆ ಹಾಡನ್ನು ನುಡಿಸಿಯೇ ಮುಂದೆ ಹೋಗುತ್ತಾರೆ. ಆಕೆಯ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 1958ರಲ್ಲಿ. ಆಗ ಅವರಿಗೆ ವಯಸ್ಸು ಅರವತ್ತೈದು. ಈ ಎರಡರ ನಡುವೆ ಸುಮಾರು ನಲವತ್ತು ವರ್ಷ ಅವರು ಗಿಟಾರು ಹಿಡಿದದ್ದು ಇಲ್ಲವೆನ್ನುವಷ್ಟು ಕಡಿಮೆ. ಹಾಡು ಮೊದಲೇ ಇತ್ತು. ಕಷ್ಟ ಅದನ್ನು ಕಿತ್ತುಕೊಂಡು ನಲವತ್ತು ವರ್ಷ ತನ್ನಲ್ಲೇ ಇಟ್ಟುಕೊಂಡಿತು.

ಎಲಿಜಬೆತ್ ಹುಟ್ಟಿದ್ದು ಚಾಪೆಲ್ ಹಿಲ್ ಎಂಬ ವಿಶ್ವವಿದ್ಯಾಲಯದ ಊರಿಗೆ ಅಂಟಿಕೊಂಡಂತಿರುವ ಕಾರ್ಬರೊದಲ್ಲಿ. ಸಾಮಾನ್ಯವಾಗಿ ಕೊಡುವ ತಾರೀಖು 1893ರ ಜನವರಿ 5. ಐವರು ಮಕ್ಕಳಲ್ಲಿ ಕಿರಿಯವರು. ತಂದೆ ಜಾರ್ಜ್ ನೆವಿಲ್ಸ್ ಗಣಿಯಲ್ಲಿ ಸಿಡಿಮದ್ದು ಇಡುವ ಕೆಲಸಗಾರ. ತಾಯಿ ಲೂಯಿಸಾ ಸೂಲಗಿತ್ತಿ, ಜೊತೆಗೆ ಮನೆಗೆಲಸ. ಮನೆಯಲ್ಲಿ ಮಗುವನ್ನು ಮುದ್ದಿನ ಹೆಸರಿನಿಂದ ಕರೆಯುತ್ತಿದ್ದರೇ ಹೊರತು ಸರಿಯಾದ ಹೆಸರೇ ಇರಲಿಲ್ಲವಂತೆ. ಶಾಲೆಗೆ ಸೇರಿದ ದಿನ ಮೇಷ್ಟ್ರು ಹಾಜರಿ ಕರೆಯುವಾಗ ‘ನಿನ್ನ ಹೆಸರೇನು’ ಎಂದು ಕೇಳಿದರು. ಹುಡುಗಿ ಅಲ್ಲೇ ಯೋಚಿಸಿ ‘ಎಲಿಜಬೆತ್’ ಎಂದಳು. ತನ್ನ ಹೆಸರನ್ನು ತಾನೇ ಇಟ್ಟುಕೊಂಡ ಈ ಪ್ರಸಂಗವನ್ನು ಅವರು ಮುಂದೆ ವೇದಿಕೆಗಳ ಮೇಲೆ ಬಹಳ ಇಷ್ಟಪಟ್ಟು ಹೇಳುತ್ತಿದ್ದರು.

ಆ ಕಾಲದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಎಲಿಜಬೆತ್ ಮೂರು ವರ್ಷದ ಮಗುವಾಗಿದ್ದಾಗ, 1896ರಲ್ಲಿ, ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. 1900ರಲ್ಲಿ ನಾರ್ತ್ ಕ್ಯಾರೊಲೈನಾ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು, ಓದು ಬರಹದ ಪರೀಕ್ಷೆಯ ನೆಪದಲ್ಲಿ ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಮತ ಹಾಕಲು ಓದು ಬರಬೇಕು ಎಂದ ಅದೇ ರಾಜ್ಯದಲ್ಲಿ ಎಲಿಜಬೆತ್ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದಾಗ ಇನ್ನೂ ಸಣ್ಣ ಹುಡುಗಿ. ಪಕ್ಕದಲ್ಲೇ ದೇಶದ ಹಳೆಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೊಂದು ಇತ್ತು. ಅಲ್ಲಿನ ಬಿಳಿಯರ ಮನೆಗಳಲ್ಲಿ ಅಡುಗೆ, ಬಟ್ಟೆ, ಮಕ್ಕಳ ಆರೈಕೆಯ ಕೆಲಸಗಳು ಕರಿಯ ಹೆಂಗಸರಿಗೆ ಮೀಸಲು.

ಸಂಗೀತ ಕದ್ದು ಕಲಿತದ್ದು. ಅಣ್ಣನ ಹತ್ತಿರ ಒಂದು ಬ್ಯಾಂಜೊ ಇತ್ತು. ಅವನು ಕೆಲಸಕ್ಕೆ ಹೋದ ಮೇಲೆ ಏಳೆಂಟು ವರ್ಷದ ತಂಗಿ ಅದನ್ನು ತೆಗೆದು ನುಡಿಸುತ್ತಿದ್ದಳು, ಆಗಾಗ ತಂತಿ ಹರಿದು ಬೈಗುಳವನ್ನೂ ತಿನ್ನುತ್ತಿದ್ದಳು. ಅವಳು ಎಡಚಿ. ವಾದ್ಯವೋ ಬಲಗೈಯವನದು. ತಂತಿಗಳನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟುವಂತಿಲ್ಲ, ಅಣ್ಣನಿಗೆ ಗೊತ್ತಾಗುತ್ತದೆ. ಹಾಗಾಗಿ ಬ್ಯಾಂಜೊವನ್ನೇ ತಲೆಕೆಳಗಾಗಿ ಹಿಡಿದುಕೊಂಡಳು. ಮುಂದೆ ಗಿಟಾರನ್ನೂ ಹಾಗೆಯೇ ಹಿಡಿದಳು, ಕೊನೆಯವರೆಗೂ ಹಾಗೆಯೇ.

ಅಣ್ಣ ಬ್ಯಾಂಜೊ ಸಮೇತ ಮನೆಬಿಟ್ಟು ಹೋದ ಮೇಲೆ ತನ್ನದೇ ವಾದ್ಯ ಬೇಕೆನಿಸಿತು. ಮನೆಗೆಲಸಕ್ಕೆ ಸೇರಿದಳು. ಸಂಬಳ ತಿಂಗಳಿಗೆ 75 ಸೆಂಟು. ಊರಿನ ಅಂಗಡಿಯಲ್ಲಿದ್ದ ಸ್ಟೆಲ್ಲಾ ಎಂಬ ಗಿಟಾರಿನ ಬೆಲೆ 3 ಡಾಲರ್ 75 ಸೆಂಟು. ಲೆಕ್ಕ ಹಾಕಿ ನೋಡಿ, ಒಂದು ಮಗುವಿನ ಐದು ತಿಂಗಳ ಪೂರ್ತಿ ದುಡಿಮೆ. ಬಡತನ ಆಕೆಗೆ ಹಾಡು ಕೊಟ್ಟಿತು ಎನ್ನುವವರು ಈ ಐದು ತಿಂಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪಕ್ಕದ ಊರಿನ ಪ್ರೊಫೆಸರರ ಮಗಳಿಗಾಗಿದ್ದರೆ ಗಿಟಾರು ಹುಟ್ಟುಹಬ್ಬಕ್ಕೆ ಬರುತ್ತಿತ್ತು.

ಗಿಟಾರು ಕೈಗೆ ಬಂದ ಮೇಲೆ ರಾತ್ರಿ ಮನೆಯವರಿಗೆ ನಿದ್ದೆ ಮಾಡಲು ಬಿಡದಷ್ಟು ನುಡಿಸಿದಳು. ಗುರುವಿಲ್ಲ, ಪುಸ್ತಕವಿಲ್ಲ. ಈ ಹುಡುಗಿ ಕಂಡುಕೊಂಡ ಕ್ರಮವನ್ನು ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ, ಏಕೆಂದರೆ ಅವರ ಹೆಸರು ಸಂಗೀತದ ಚರಿತ್ರೆಯಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಬೆರಳಿನಿಂದ ಮೀಟುವ ಗಿಟಾರಿನಲ್ಲಿ ಸಾಮಾನ್ಯವಾಗಿ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಮಂದ್ರದ ಸ್ವರಗಳನ್ನು ಒಂದಾದ ಮೇಲೊಂದು ತಾಳಕ್ಕೆ ಸರಿಯಾಗಿ ಹಾಕುತ್ತಿರುತ್ತದೆ. ಉಳಿದ ಬೆರಳುಗಳು ತೆಳು ತಂತಿಗಳ ಮೇಲೆ ಹಾಡಿನ ಮಟ್ಟು ನುಡಿಸುತ್ತವೆ. ಒಬ್ಬರೇ ನುಡಿಸಿದರೂ ಇಬ್ಬರು ನುಡಿಸಿದಂತೆ ಕೇಳುವುದು ಇದರಿಂದಲೇ. ಎಲಿಜಬೆತ್ ವಾದ್ಯವನ್ನು ತಿರುಗಿಸಿ ಹಿಡಿದದ್ದರಿಂದ ದಪ್ಪ ತಂತಿಗಳು ಕೆಳಗೆ ಬಂದವು, ತೆಳು ತಂತಿಗಳು ಮೇಲೆ ಹೋದವು. ಹೀಗಾಗಿ ಬೆರಳುಗಳು ಮಂದ್ರ ಹಾಕಿದವು, ಹೆಬ್ಬೆರಳು ಹಾಡಿತು. ಹೆಬ್ಬೆರಳಿಗೆ ತೂಕ ಹೆಚ್ಚು. ಹಾಗಾಗಿ ಅವರ ಮಟ್ಟಿನಲ್ಲಿ ಒಂದು ದುಂಡಗಿನ, ನಿಧಾನದ ಗಟ್ಟಿತನವಿದೆ. ಕೆಳಗಿನ ಮಂದ್ರ ಮಾತ್ರ ಬೆರಳತುದಿಯ ಹಗುರದಿಂದ ಚಿಮ್ಮುತ್ತದೆ. ಈ ನುಡಿಸಾಣಿಕೆಗೆ ‘ಕಾಟನ್ ಪಿಕಿಂಗ್’ ಎಂದೇ ಹೆಸರಾಯಿತು. ಬಲಗೈ ವಾದಕರು ಅದೇ ಸ್ವರಗಳನ್ನು ನುಡಿಸಬಲ್ಲರು. ಅದೇ ನಾದವನ್ನು ತರಲು ಒದ್ದಾಡುತ್ತಾರೆ.

ಮನೆಯ ಹತ್ತಿರವೇ ರೈಲು ಹಳಿ. ಗೂಡ್ಸ್ ರೈಲು ಹೋಗುವ ಸದ್ದು ಮಕ್ಕಳಿಗೆ ದಿನದ ಗಡಿಯಾರ. ಆ ರೈಲನ್ನು ಕುರಿತು ಆಕೆ ಕಟ್ಟಿದ ಹಾಡೇ ‘ಫ್ರೈಟ್ ಟ್ರೈನ್’. ಊರು ಬಿಟ್ಟು ಓಡುವವರೊಬ್ಬರು, ತಾನು ಯಾವ ರೈಲು ಹತ್ತಿದೆನೆಂದು ಯಾರಿಗೂ ಹೇಳಬೇಡಿ ಎಂದು ಬೇಡುವ ಹಾಡು. ಸತ್ತ ಮೇಲೂ ರೈಲಿನ ಸದ್ದು ಕೇಳುವಂಥ ಜಾಗದಲ್ಲಿ ಹೂಳಬೇಕೆಂಬ ಬಯಕೆ ಅದರಲ್ಲಿದೆ. ಹನ್ನೆರಡು ವರ್ಷದ ಹುಡುಗಿಗೆ ಸಾವಿನ ಮಾತೇಕೆ ಎಂದು ಕೆಲವರು ಆಶ್ಚರ್ಯಪಟ್ಟಿದ್ದಾರೆ. ಹೋಗಬೇಕೆನಿಸಿದರೂ ಹೋಗಲಾಗದವರ ಊರಿನಲ್ಲಿ ಹುಟ್ಟಿದ ಮಗು ಅದು. ಹಳಿಯ ಮೇಲೆ ಚಲಿಸುವುದೆಲ್ಲ ಸರಕು, ಹಳಿಯ ಪಕ್ಕದಲ್ಲಿ ಇರುವವರೆಲ್ಲ ಸರಕು ಹೊರುವವರು. ನನಗೇನೋ ಆಶ್ಚರ್ಯವೆನಿಸುವುದಿಲ್ಲ.

ಅದೇ ಕಾಲದ ಇನ್ನೊಂದು ಹಾಡಿನ ಹುಟ್ಟಿನ ಕತೆಯನ್ನೂ ಅವರೇ ಹೇಳಿದ್ದಾರೆ. ನೆರೆಯ ಹೆಂಗಸೊಬ್ಬರು ಎಲಿಜಬೆತ್ ಮೇಲೆ ತಾಯಿಗೆ ಸುಳ್ಳು ಚಾಡಿ ಹೇಳಿದರು, ಹುಡುಗಿಗೆ ಶಿಕ್ಷೆಯಾಯಿತು. ಹಿರಿಯರಿಗೆ ಎದುರು ಮಾತಾಡುವಂತಿಲ್ಲ. ಹಾಗಾಗಿ ಹಾಡು ಕಟ್ಟಿ, ಆ ಹೆಂಗಸಿಗೆ ಕೇಳಿಸುವಂತೆ ಹಾಡಿಕೊಂಡಳು. ತನ್ನನ್ನು ಕುರಿತೇ ಎಂದು ಆಕೆಗೆ ಕೊನೆಗೂ ತಿಳಿಯಲಿಲ್ಲವಂತೆ. ‘ಓ ಬೇಬ್, ಇಟ್ ಏಂಟ್ ನೋ ಲೈ’ ಎಂಬ ಈ ಹಾಡನ್ನು ಮುಂದೆ ಬಾಬ್ ಡಿಲನ್ ತಮ್ಮ ಕಛೇರಿಗಳಲ್ಲಿ ಹಾಡಿದರು. ನಮ್ಮ ಮದುವೆಮನೆಯ ಬೀಗರ ಹಾಡುಗಳಲ್ಲಿ ಹೆಂಗಸರು ಎದುರಿಗೆ ಕೂತವರನ್ನೇ ಹಾಡಿನಲ್ಲಿ ಎಳೆದು ಹಾಕುವ ಧೈರ್ಯವನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆಡುವಂತಿಲ್ಲದ್ದನ್ನು ಹಾಡಬಹುದು.

*

ಹದಿಹರೆಯದಲ್ಲೇ, 1910ರಲ್ಲಿ, ಫ್ರಾಂಕ್ ಕಾಟನ್ ಎಂಬವರೊಂದಿಗೆ ಮದುವೆಯಾಯಿತು. ಲಿಲ್ಲಿ ಎಂಬ ಮಗಳು ಹುಟ್ಟಿದಳು. ಎಲಿಜಬೆತ್ ಚರ್ಚಿನ ಕೆಲಸದಲ್ಲಿ ತೊಡಗಿಕೊಂಡರು. ದೇವರ ಸೇವೆ ಮಾಡುವವರು ಇಂಥ ಲೌಕಿಕ ಹಾಡುಗಳನ್ನು ನುಡಿಸಬಾರದು, ಅದು ಸೈತಾನನ ಸಂಗೀತ ಎಂದು ಚರ್ಚಿನ ಹಿರಿಯರು ಹೇಳಿದರು. ಆಕೆ ಗಿಟಾರನ್ನು ಬದಿಗಿಟ್ಟರು. ಚರ್ಚಿನಲ್ಲಿ ಎಲ್ಲೋ ಒಮ್ಮೊಮ್ಮೆ ಹಿಡಿದದ್ದುಂಟು, ಅಷ್ಟೆ.

ಬರೆದವರೆಲ್ಲ ಚರ್ಚಿನ ಮಾತನ್ನೇ ಮುಖ್ಯ ಕಾರಣವಾಗಿ ಹೇಳುತ್ತಾರೆ. ನಾನು ಅದರ ಜೊತೆಗೆ ಇನ್ನೊಂದನ್ನು ಇಡುತ್ತೇನೆ. ನಮ್ಮ ಹೆಂಗಸರ ಹಾಡಿನ ಬಹುಪಾಲು ಕೆಲಸದ ಜೊತೆಗೇ ನಡೆದದ್ದು. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ಕಳೆ ಕೀಳುವಾಗಿನ ಪದ. ರಾಗಿಕಲ್ಲಿನ ಗೂಟ ಹಿಡಿದ ಕೈ ತಿರುಗುತ್ತಿರುತ್ತದೆ, ಬಾಯಿ ಹಾಡುತ್ತಿರುತ್ತದೆ. ಕೈಯ ಲಯವೇ ಹಾಡಿನ ತಾಳ. ಅದಕ್ಕೇ ಎಂಥ ದುಡಿಮೆಯೂ ಆ ಹಾಡನ್ನು ಪೂರ್ತಿ ಕಿತ್ತುಕೊಳ್ಳಲು ಆಗಲಿಲ್ಲ. ಕಲ್ಲು ಹೋಗಿ ಗಿರಣಿ ಬಂದಾಗ ಮಾತ್ರ ಹಾಡು ಅಲುಗಿತು. ಆದರೆ ಎಲಿಜಬೆತ್ ಅವರ ಹಾಡು ಗಿಟಾರಿನಲ್ಲಿತ್ತು. ಗಿಟಾರಿಗೆ ಎರಡೂ ಕೈ ಬೇಕು. ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ, ಇಸ್ತ್ರಿ ಹಾಕುವ, ಬೇರೆಯವರ ಮಕ್ಕಳನ್ನು ಎತ್ತಿಕೊಳ್ಳುವ ಕೈಗಳಿಗೆ ಅದು ಸಿಗುವುದು ಕೆಲಸ ಮುಗಿದ ಮೇಲೆ. ಕೆಲಸ ಮುಗಿಯುತ್ತಿರಲಿಲ್ಲ. ಹೊರಗಿನದು ಮುಗಿದರೆ ಮನೆಯದು ಕಾದಿರುತ್ತಿತ್ತು. ಚರ್ಚು ಬೇಡವೆಂದದ್ದು ಒಮ್ಮೆ, ದುಡಿಮೆ ಬೇಡವೆಂದದ್ದು ದಿನಾ.

ಮುಂದಿನ ವರ್ಷಗಳಲ್ಲಿ ಅವರು ಚಾಪೆಲ್ ಹಿಲ್, ವಾಷಿಂಗ್ಟನ್, ನ್ಯೂಯಾರ್ಕ್ ಎಂದು ಕೆಲಸ ಸಿಕ್ಕಲ್ಲಿ ಓಡಾಡಿದರು. ಈ ನಲವತ್ತು ವರ್ಷಗಳನ್ನು ಜೀವನಚರಿತ್ರೆಗಳು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ. ಆದರೆ ಆ ಎರಡು ಸಾಲಿನೊಳಗೆ ದೇಶದ ಕಾನೂನೂ ಇದೆ. 1935ರಲ್ಲಿ ಅಮೆರಿಕ ವೃದ್ಧಾಪ್ಯದ ಪಿಂಚಣಿಗೆ ಸಾಮಾಜಿಕ ಭದ್ರತಾ ಕಾಯ್ದೆ ತಂದಿತು. ಮನೆಗೆಲಸದವರನ್ನೂ ಕೃಷಿ ಕೂಲಿಗಳನ್ನೂ ಅದರಿಂದ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳ ಕರಿಯರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದು ಇವೇ ಎರಡು ಕೆಲಸ. 1938ರಲ್ಲಿ ಕನಿಷ್ಠ ಕೂಲಿ, ದುಡಿಮೆಯ ಅವಧಿಯ ಕಾಯ್ದೆ ಬಂತು. ಅದರ ರಕ್ಷಣೆಯೂ ಮನೆಗೆಲಸದವರಿಗೆ ಸಿಗಲಿಲ್ಲ. ಖಾಯಂ ಮನೆಗೆಲಸದವರಿಗೆ ಪಿಂಚಣಿ ಕಾಯ್ದೆ ತಲುಪಿದ್ದು 1950ರ ತಿದ್ದುಪಡಿಯಿಂದ, ಕನಿಷ್ಠ ಕೂಲಿ ಸಿಕ್ಕಿದ್ದು 1974ರಲ್ಲಿ. ಎಲಿಜಬೆತ್ ಕಾಟನ್ ಅವರ ದುಡಿಮೆಯ ಆಯಸ್ಸಿನ ಬಹುಪಾಲು ಈ ರಕ್ಷಣೆಗಳ ಹೊರಗೇ ಕಳೆಯಿತು. ಒಬ್ಬ ಕಲಾವಿದೆ ಯಾಕೆ ನುಡಿಸಲಿಲ್ಲ ಎಂದು ಕೇಳುವಾಗ ಅವರ ಮನೆಯ ಕಷ್ಟವನ್ನಷ್ಟೇ ಹೇಳಿದರೆ ಸಾಲದು. ಕಷ್ಟವನ್ನು ಯಾರು, ಯಾವ ಸಹಿ ಹಾಕಿ ಖಾಯಂ ಮಾಡಿದರು ಎಂಬುದನ್ನೂ ಹೇಳಬೇಕು.

ಮಗಳ ಮದುವೆಯಾದ ಮೇಲೆ ಎಲಿಜಬೆತ್ ಗಂಡನಿಂದ ಬೇರ್ಪಟ್ಟರು. 1940ರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿದ್ದ ಮಗಳು, ಮೊಮ್ಮಕ್ಕಳ ಜೊತೆ ನೆಲೆಸಿದರು. ಲ್ಯಾನ್ಸ್‌ಬರ್ಗ್ ಎಂಬ ದೊಡ್ಡ ಅಂಗಡಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡುತ್ತಿದ್ದಾಗ ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ಹುಡುಗಿಯೊಬ್ಬಳನ್ನು ಕೈಹಿಡಿದು ತಾಯಿಯ ಹತ್ತಿರ ಸೇರಿಸಿದರು. ಹುಡುಗಿ ಪೆಗ್ಗಿ ಸೀಗರ್. ತಾಯಿ ರೂತ್ ಕ್ರಾಫರ್ಡ್ ಸೀಗರ್. ಮಾತು ಬೆಳೆದು, ರೂತ್ ಅವರ ಮನೆಗೆ ಕೆಲಸಕ್ಕೆ ಸೇರಿದರು. ಆ ಮನೆಯ ಚಿಕ್ಕ ಮಗು ಪೆನ್ನಿ ಎಲಿಜಬೆತ್ ಎನ್ನಲು ಬಾರದೆ ‘ಲಿಬ್ಬಾ’ ಎಂದು ಕರೆಯಿತು. ಲೋಕಕ್ಕೆ ಅವರು ಲಿಬ್ಬಾ ಕಾಟನ್ ಆದದ್ದು ಹಾಗೆ.

ಈ ಮನೆಯಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ರೂತ್ ಕ್ರಾಫರ್ಡ್ ಸಾಮಾನ್ಯ ಗೃಹಿಣಿಯಲ್ಲ. ಸಂಗೀತ ರಚನೆಗಾಗಿ ಗುಗನ್‌ಹೈಮ್ ಫೆಲೊಶಿಪ್ ಪಡೆದ ಮೊದಲ ಮಹಿಳೆ. ಅದು 1930ರಲ್ಲಿ. ಆಮೇಲೆ ತಮ್ಮ ಸ್ವಂತ ರಚನೆಯನ್ನು ಬಹುಪಾಲು ಬದಿಗಿಟ್ಟು, ಜಾನ್ ಮತ್ತು ಆಲನ್ ಲೋಮ್ಯಾಕ್ಸ್ ಹಳ್ಳಿಹಳ್ಳಿ ತಿರುಗಿ ಮುದ್ರಿಸಿಕೊಂಡು ಬಂದ ಹಾಡುಗಳನ್ನು ಸ್ವರಲಿಪಿಗೆ ಇಳಿಸುವ ಕೆಲಸಕ್ಕೆ ಕೂತರು. ಒಂದೊಂದು ತಟ್ಟೆಯನ್ನೂ ಮತ್ತೆ ಮತ್ತೆ ಹಾಕಿ, ಹಾಡುವವರು ಎಲ್ಲಿ ಉಸಿರೆಳೆದರು, ಎಲ್ಲಿ ಸ್ವರವನ್ನು ಸ್ವಲ್ಪ ಜಾರಿಸಿದರು ಎಂಬುದನ್ನೂ ಬಿಡದೆ ಬರೆದರು. 1948ರಲ್ಲಿ ಮಕ್ಕಳಿಗಾಗಿ ಅಮೆರಿಕದ ಜನಪದ ಗೀತೆಗಳ ಸಂಕಲನ ಹೊರತಂದರು. ಗಂಡ ಚಾರ್ಲ್ಸ್ ಸೀಗರ್ ದೊಡ್ಡ ಸಂಗೀತಶಾಸ್ತ್ರಜ್ಞ. ಆತನ ಮೊದಲ ಹೆಂಡತಿಯ ಮಗ ಪೀಟ್ ಸೀಗರ್ ಆಗಲೇ ಹೆಸರಾಂತ ಹಾಡುಗಾರ. ಜನಪದ ಸಂಗೀತವನ್ನು ಇಷ್ಟು ಗಂಭೀರವಾಗಿ ಹಚ್ಚಿಕೊಂಡ ಮನೆ ಆ ದೇಶದಲ್ಲಿ ಇನ್ನೊಂದಿರಲಿಲ್ಲ ಎಂದರೂ ನಡೆದೀತು.

ಒಂದು ಕೋಣೆಯಲ್ಲಿ ದೂರದ ಹಳ್ಳಿಯ ದನಿಗಳನ್ನು ಕಿವಿಗೊಟ್ಟು ಬರೆದುಕೊಳ್ಳುತ್ತಿದ್ದಾರೆ. ಅದೇ ಮನೆಯ ಅಡುಗೆಮನೆಯಲ್ಲಿ, ಇಂಥ ಹಾಡುಗಳನ್ನು ಕಟ್ಟಿದ, ನುಡಿಸಬಲ್ಲ ಹೆಂಗಸು ಬ್ರೆಡ್ ಬೇಯಿಸುತ್ತ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ವರ್ಷಗಳೇ ಕಳೆದವು, ಯಾರಿಗೂ ಗೊತ್ತಾಗಲಿಲ್ಲ. ಸೀಗರ್ ಕುಟುಂಬದವರು ಸಹೃದಯರು, ಜನಪರರು. ಅವರನ್ನು ದೂರುವ ಉದ್ದೇಶ ನನಗಿಲ್ಲ. ನನ್ನನ್ನು ಕಾಡುವುದು ಬೇರೆಯೇ. ಕ್ಷೇತ್ರಕಾರ್ಯವೆಂದರೆ ಬಸ್ಸು ಹತ್ತಿ ಎಲ್ಲಿಗೋ ಹೋಗುವುದು ಎಂದುಕೊಂಡವರಿಗೆ, ತಮ್ಮ ಮನೆಯ ಕಸ ಗುಡಿಸುವವರು, ಕಾಲೇಜಿನ ವರಾಂಡ ಒರೆಸುವವರು ಹಾಡುಗಾರರಾಗಿರಬಹುದೆಂಬ ಯೋಚನೆ ಬರುವುದಿಲ್ಲ. ಸಂಬಳ ಕೊಡುವವರು, ಸಂಬಳ ತೆಗೆದುಕೊಳ್ಳುವವರು ಎಂಬ ಸಂಬಂಧ ಕಿವಿಯನ್ನೂ ಮುಚ್ಚುತ್ತದೆ. ಜಾನಪದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಆ ಅಡುಗೆಮನೆಯ ಗೋಡೆಗೆ ಮಕ್ಕಳ ಗಿಟಾರೊಂದು ನೇತಾಡುತ್ತಿತ್ತು. ಮನೆ ಖಾಲಿಯಾದಾಗ ಲಿಬ್ಬಾ ಅದನ್ನು ಇಳಿಸಿಕೊಂಡು ನುಡಿಸುತ್ತಿದ್ದರು. ಹದಿಹರೆಯದ ಪೆಗ್ಗಿ ಒಂದು ದಿನ ಬಂದು ನೋಡಿದರೆ, ತಲೆಕೆಳಗಾದ ಗಿಟಾರಿನಲ್ಲಿ ‘ಫ್ರೈಟ್ ಟ್ರೈನ್’ ಕೇಳುತ್ತಿದೆ. ಇದು 1950ರ ದಶಕದ ಮೊದಲ ವರ್ಷಗಳ ಮಾತು. ಬೆರಳುಗಳಿಗೆ ಹಾಡುಗಳು ನೆನಪಿದ್ದವು. ಆಮೇಲೆ ಕೆಲಸ ಮತ್ತು ಸಂಗೀತ ಒಂದೇ ಮನೆಯಲ್ಲಿ ಅಕ್ಕಪಕ್ಕ ನಡೆದವು. ಪೆಗ್ಗಿ, ಅವಳ ಅಣ್ಣ ಮೈಕ್ ಇಬ್ಬರೂ ಲಿಬ್ಬಾ ಅವರಿಂದ ಕಲಿತರು. ಮಕ್ಕಳು ಕೆಲವೊಮ್ಮೆ ಪಾತ್ರೆ ತಾವೇ ತೊಳೆದು ಅವರನ್ನು ಗಿಟಾರಿಗೆ ಕೂರಿಸುತ್ತಿದ್ದರು ಎಂದು ಆ ಮನೆಯವರು ನೆನೆದಿದ್ದಾರೆ. ಕೈ ಬಿಡುವಾಗಬೇಕಾದರೆ ಆ ಕೈಯ ಕೆಲಸವನ್ನು ಇನ್ನೊಂದು ಕೈ ಮಾಡಬೇಕು.

ಹಾಡು ಮತ್ತೆ ಸಿಕ್ಕಿದ ಕೂಡಲೇ ಕಳುವಾಯಿತು. 1956ರಲ್ಲಿ ಇಂಗ್ಲೆಂಡಿಗೆ ಹೋದ ಪೆಗ್ಗಿ ಅಲ್ಲಿ ‘ಫ್ರೈಟ್ ಟ್ರೈನ್’ ಹಾಡಿದರು. ಆಗ ಅಲ್ಲಿ ಸ್ಕಿಫಲ್ ಎಂಬ ಸಂಗೀತದ ಭರಾಟೆ. ಅಗ್ಗದ ಗಿಟಾರು, ಬಟ್ಟೆ ಒಗೆಯುವ ಹಲಗೆಗಳನ್ನೇ ವಾದ್ಯ ಮಾಡಿಕೊಂಡು ಹುಡುಗರು ಅಮೆರಿಕದ ಜನಪದ ಹಾಡುಗಳನ್ನು ಹಾಡುತ್ತಿದ್ದ ಕಾಲ. ಕೇಳಿಸಿಕೊಂಡ ಇಬ್ಬರು, ಪಾಲ್ ಜೇಮ್ಸ್ ಮತ್ತು ಫ್ರೆಡ್ ವಿಲಿಯಮ್ಸ್ ಎಂಬ ಹೆಸರಿನಲ್ಲಿ, ಹಾಡು ತಮ್ಮದೆಂದು ಹಕ್ಕು ದಾಖಲಿಸಿಕೊಂಡರು. 1957ರಲ್ಲಿ ಚಾಸ್ ಮ್ಯಾಕ್‌ಡೆವಿಟ್ ತಂಡ ನ್ಯಾನ್ಸಿ ವಿಸ್ಕಿ ಅವರ ದನಿಯಲ್ಲಿ ಅದನ್ನು ಹೊರತಂದಿತು. ಬ್ರಿಟನ್ನಿನಲ್ಲಿ ಮೊದಲ ಐದು ಹಾಡುಗಳ ಪಟ್ಟಿಗೆ ಏರಿತು. ಲಿವರ್‌ಪೂಲಿನಲ್ಲಿ ಮುಂದೆ ಬೀಟಲ್ಸ್ ಆಗಲಿದ್ದ ಹುಡುಗರ ತಂಡವೂ ಅದನ್ನು ಹಾಡುತ್ತಿತ್ತು. ಹಾಡು ಕಟ್ಟಿದವರು ಆಗ ವಾಷಿಂಗ್ಟನ್ನಿನಲ್ಲಿ ಬೇರೆಯವರ ಮನೆಯ ನೆಲ ಒರೆಸುತ್ತಿದ್ದರು. ಸೀಗರ್ ಕುಟುಂಬ ಬೆನ್ನಿಗೆ ನಿಂತು ಹೋರಾಡಿದ ಮೇಲೆ ಹಾಡಿಗೆ ಆಕೆಯ ಹೆಸರು ಮರಳಿತು. ಆದರೂ ಬಹಳ ಕಾಲ ಎಷ್ಟೋ ಮುದ್ರಿಕೆಗಳ ಮೇಲೆ ತಪ್ಪು ಹೆಸರೇ ಅಚ್ಚಾಗುತ್ತ ಹೋಯಿತು.

ಈ ಕಳವು ಸಾಧ್ಯವಾದದ್ದು ಹೇಗೆ? ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮೂಹದ ಸೃಷ್ಟಿ ಎಂಬ ಪಾಠವನ್ನು ನಾವೂ ತರಗತಿಗಳಲ್ಲಿ ಹೇಳುತ್ತೇವೆ. ಅದರಲ್ಲಿ ಸತ್ಯವಿದೆ. ಬಾಯಿಂದ ಬಾಯಿಗೆ ಹೋಗುವಾಗ ಹಾಡು ಹೊಸ ನುಡಿ ಸೇರಿಸಿಕೊಳ್ಳುತ್ತದೆ, ಹಳೆಯದನ್ನು ಬಿಡುತ್ತದೆ. ಆದರೆ ಕರ್ತೃವಿಲ್ಲ ಎಂಬ ಮಾತು ಮಾರುಕಟ್ಟೆಯ ಕಿವಿಗೆ ಬಿದ್ದಾಗ ವಾರಸುದಾರರಿಲ್ಲ ಎಂದು ಕೇಳಿಸುತ್ತದೆ. ಕಾಟನ್ ಅವರು ನುಡಿಸುತ್ತಿದ್ದ ಇನ್ನೊಂದು ತುಣುಕು ‘ವೆಸ್ಟಪಾಲ್’ ನೋಡಿ. ಕೇಳಿದರೆ ಅಪ್ಪಟ ಹಳ್ಳಿಯ ಗಿಟಾರು. ಅದರ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿ ಹೆನ್ರಿ ವೊರಾಲ್ ಅಚ್ಚು ಹಾಕಿಸಿದ ‘ಸೆಬಾಸ್ಟೊಪೋಲ್’ ಎಂಬ ಗಿಟಾರು ಕೃತಿಯವರೆಗೆ ಹೋಗುತ್ತದೆ. ಕ್ರಿಮಿಯಾ ಯುದ್ಧದ ಕೋಟೆಯ ಹೆಸರು ಅದು. ಪಡಸಾಲೆಗಳಲ್ಲಿ ಪುಸ್ತಕ ನೋಡಿ ನುಡಿಸುತ್ತಿದ್ದದ್ದು ಕರಿಯ ಕೂಲಿಗಳ ಕೈಗೆ ಬಂದು ಬೇರೆಯೇ ಆಯಿತು. ಅಚ್ಚು ಹಾಕಿಸಿದವರ ಹೆಸರು ನಮಗೆ ಗೊತ್ತು. ಅದನ್ನು ಬೇರೆಯಾಗಿಸಿದ ಹತ್ತಾರು ಕೈಗಳ ಹೆಸರು ಗೊತ್ತಿಲ್ಲ. ಅವರೂ ಇದ್ದರು. ಬರೆದುಕೊಳ್ಳುವವರು ಇರಲಿಲ್ಲ. ‘ಅಜ್ಞಾತ ಕವಿ’ ಎಂದು ನಾವು ಬರೆಯುವಾಗ ಅಜ್ಞಾನ ಯಾರದೆಂದು ಕೇಳಿಕೊಳ್ಳಬೇಕು.

1957-58ರಲ್ಲಿ ಮೈಕ್ ಸೀಗರ್ ಟೇಪ್ ರೆಕಾರ್ಡರ್ ಹೊತ್ತು ಎಲಿಜಬೆತ್ ಅವರ ಮನೆಗೇ ಹೋದರು. ಅವರ ಮಲಗುವ ಕೋಣೆಯಲ್ಲಿ, ಮೊಮ್ಮಕ್ಕಳನ್ನು ಸುಮ್ಮನಿರಿಸುತ್ತ ಮುದ್ರಣ ನಡೆಯಿತು. ಕೆಲಸಕೊಟ್ಟವರ ಮನೆಯಲ್ಲಾಗಲಿ ಸ್ಟುಡಿಯೊದಲ್ಲಾಗಲಿ ಅಲ್ಲದೆ ಅವರದೇ ಸೂರಿನಡಿಯಲ್ಲಿ ಮುದ್ರಣವಾದದ್ದು ನನಗೆ ಮುಖ್ಯವೆನಿಸುತ್ತದೆ. 1958ರಲ್ಲಿ ಫೋಕ್‌ವೇಸ್ ಕಂಪನಿ ಅದನ್ನು ಹೊರತಂದಿತು. ಆ ಮುದ್ರಿಕೆ ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಯಲ್ಲಿದೆ. ಆಗಿನ ಅಮೆರಿಕದಲ್ಲಿ ಕಾಲೇಜು ಹುಡುಗರು ಜನಪದ ಸಂಗೀತಕ್ಕೆ ಮುಗಿಬಿದ್ದಿದ್ದರು. 1960ರ ಹೊತ್ತಿಗೆ ಎಲಿಜಬೆತ್ ಮೈಕ್ ಜೊತೆ ಕಾಲೇಜಿನ ವೇದಿಕೆ ಹತ್ತಿದರು. 1964ರಲ್ಲಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ನುಡಿಸಿದರು. ವೇದಿಕೆಯ ಮೇಲೆ ಅವರು ಸಭಿಕರನ್ನು ಮೊಮ್ಮಕ್ಕಳಂತೆ ಮಾತನಾಡಿಸಿ, ಕತೆ ಹೇಳಿ, ತಮ್ಮ ಜೊತೆ ಹಾಡಿಸುತ್ತಿದ್ದರು.

ಪತ್ರಿಕೆಗಳು ಬರೆಯುವ ಯಶಸ್ಸಿನ ಕತೆಗಳಲ್ಲಿ ಕೆಲಸದಾಕೆ ಇಲ್ಲಿಗೆ ಕಲಾವಿದೆಯಾಗಿಬಿಡುತ್ತಾಳೆ. ನಿಜದಲ್ಲಿ ಹಾಗಾಗಲಿಲ್ಲ. ಹೆಸರು ಬಂದ ಮೇಲೂ ಅವರು 1970ರ ಸುಮಾರಿನವರೆಗೆ ಮನೆಗೆಲಸ ಮಾಡುತ್ತಲೇ ಇದ್ದರು, ಅಂದರೆ ಎಪ್ಪತ್ತೇಳರ ವಯಸ್ಸಿನವರೆಗೆ. ಉತ್ಸವದಲ್ಲಿ ಸಾವಿರಾರು ಜನರ ಚಪ್ಪಾಳೆ, ವಾರದ ದಿನ ಇನ್ನೊಬ್ಬರ ಮನೆಯ ಇಸ್ತ್ರಿಪೆಟ್ಟಿಗೆ. ಚಪ್ಪಾಳೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಜನಪದ ಕಲಾವಿದರಿಗೆ ಶಾಲು ಹೊದಿಸಿ ಬಸ್‌ಚಾರ್ಜು ಕೊಡಲು ಮರೆಯುವ ಸಂಘಟಕರು ಎಲ್ಲ ದೇಶದಲ್ಲೂ ಇದ್ದಾರೆ.

1967ರಲ್ಲಿ ಬಂದ ಎರಡನೆಯ ಸಂಪುಟದ ಶೀರ್ಷಿಕೆಯ ಹಾಡು ‘ಶೇಕ್ ಶುಗರಿ’. ಇದನ್ನು ಅವರು ಮರಿಮಕ್ಕಳ ಜೊತೆ ಸೇರಿ ಕಟ್ಟಿದ್ದು. ರಾತ್ರಿ ಮಲಗುವ ಹೊತ್ತಿನಲ್ಲಿ ಮಕ್ಕಳು ಒಬ್ಬೊಬ್ಬರು ಒಂದೊಂದು ನುಡಿ ಸೇರಿಸುತ್ತಿದ್ದರು. ಮುದ್ರಣದಲ್ಲಿ ಹಾಡಿರುವುದು ಹನ್ನೆರಡು ವರ್ಷದ ಮರಿಮಗಳು ಬ್ರೆಂಡಾ ಎವನ್ಸ್, ಗಿಟಾರು ಮುತ್ತಜ್ಜಿಯದು. ಹಾಡಿನ ವಿಷಯವೇನು ಗೊತ್ತೆ? ಮನೆಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಗಿರವಿ ಅಂಗಡಿಗೆ ಸೇರಿಸುತ್ತ ಹೋಗುವುದು. ಮಟ್ಟು ಮಾತ್ರ ಲಾಲಿಯಷ್ಟು ಮೆದು. ಈ ಹಾಡನ್ನು ಕೇಳಿ, ಬಡತನ ಎಷ್ಟು ಸುಂದರವಾದ ಹಾಡಾಯಿತು ಎಂದು ಯಾರಾದರೂ ಹೇಳಿದರೆ ನಾನು ತಡೆಯುತ್ತೇನೆ. ಹಾಡು ಕಟ್ಟಿದ್ದು ಒಬ್ಬ ಅನುಭವಿ ರಚನಕಾರ್ತಿ ಮತ್ತು ಆಕೆ ಪಳಗಿಸಿದ ಮಕ್ಕಳು. ಬಡತನ ಅದರ ವಸ್ತು, ಕವಿ ಅಲ್ಲ. ಸ್ವಂತ ಗಿಟಾರು, ಮಲಗುವ ಮುಂಚಿನ ಒಂದಿಷ್ಟು ಬಿಡುವು, ಕೇಳುವ ಮಕ್ಕಳು ಇಷ್ಟು ಸಿಕ್ಕಾಗ ಹಾಡು ಹುಟ್ಟಿತು. ಇವೇ ಸಿಗದ ನಲವತ್ತು ವರ್ಷದಲ್ಲಿ ಬಡತನ ಇನ್ನೂ ಹೆಚ್ಚೇ ಇತ್ತು. ಆಗ ಹಾಡು ಹುಟ್ಟಲಿಲ್ಲ.

ಸಂಗೀತದ ಸಂಪಾದನೆಯಿಂದ 1978ರ ಹೊತ್ತಿಗೆ ಅವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದಲ್ಲಿ ಮನೆ ಕೊಂಡು ಮಗಳು, ಮೊಮ್ಮಕ್ಕಳೊಂದಿಗೆ ನೆಲೆಸಿದರು. ಬೇರೆಯವರ ಮನೆಗಳನ್ನು ಅರವತ್ತಕ್ಕೂ ಹೆಚ್ಚು ವರ್ಷ ಶುಚಿ ಮಾಡಿದವರ ಮನೆ ಅದು. ಪ್ರಶಸ್ತಿಗಳೆಲ್ಲಕ್ಕಿಂತ ಈ ವಿಷಯವನ್ನು ಹೇಳುವಾಗ ನನಗೆ ಹೆಚ್ಚು ಸಂತೋಷವಾಗುತ್ತದೆ. ಪ್ರಶಸ್ತಿಗಳೂ ಬಂದವು. 1984ರಲ್ಲಿ ರಾಷ್ಟ್ರೀಯ ಪರಂಪರೆಯ ಫೆಲೊಶಿಪ್, 1985ರಲ್ಲಿ ನೇರ ಕಛೇರಿಗಳ ಧ್ವನಿಮುದ್ರಿಕೆಗೆ ಗ್ರ್ಯಾಮಿ. ಆಗ ಅವರಿಗೆ ತೊಂಬತ್ತೆರಡು. 1987ರ ಜೂನ್ 29ರಂದು ಸಿರಾಕ್ಯೂಸಿನಲ್ಲಿ ತೀರಿಕೊಂಡರು. 2022ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಆದಿಪ್ರಭಾವದ ಕಲಾವಿದರ ಸಾಲಿಗೆ ಸೇರಿಸಿತು. ಕಾರ್ಬರೊದಲ್ಲಿ ಆ ಹಳಿಯ ಪಕ್ಕ ಸಾಗುವ ಸೈಕಲ್ ದಾರಿಗೆ ಈಗ ಲಿಬ್ಬಾ ಕಾಟನ್ ಅವರ ಹೆಸರಿದೆ.

ಲಿಬ್ಬಾ ಕಾಟನ್ ಅವರನ್ನು ಸೀಗರ್ ಕುಟುಂಬ ‘ಕಂಡುಹಿಡಿಯಿತು’ ಎಂದು ಬರೆಯುವುದಿದೆ. ಆ ಕುಟುಂಬದ ನೆರವನ್ನು ಕಡಿಮೆ ಮಾಡಿ ಹೇಳಬಾರದು. ಟೇಪು ಹೊತ್ತು ಹೋದ ಮೈಕ್ ಸೀಗರ್ ಮುಂದೆ ಆಕೆಯ ಕಡೆಗಾಲದವರೆಗೂ ಜೊತೆಗಿದ್ದರು, ಹಕ್ಕಿನ ಹೋರಾಟದಲ್ಲೂ ಕುಟುಂಬ ಹಿಂದೆ ಸರಿಯಲಿಲ್ಲ. ಆದರೆ ಗೋಡೆಯ ಗಿಟಾರನ್ನು ಇ‍ಳಿಸಿಕೊಂಡದ್ದು ಆಕೆಯೇ. ಅರವತ್ತರ ಹತ್ತಿರದಲ್ಲಿ, ಕೆಲಸದ ಮನೆಯಲ್ಲಿ, ಅನುಮತಿ ಕೇಳದೆ ಇಳಿಸಿಕೊಂಡರು. ಅಣ್ಣನ ಬ್ಯಾಂಜೊ ತೆಗೆದ ಹುಡುಗಿಯ ಧೈರ್ಯ ಅದರಲ್ಲಿದೆ.

ಈ ಉಪನ್ಯಾಸವನ್ನು ಏರ್ಪಡಿಸಿದ ದತ್ತಿಯ ಬಡ್ಡಿ ಹಣದಲ್ಲಿ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೂ ಒಂದು ಪಾಲು ಇಡುವ ಆಲೋಚನೆಯಿದೆ ಎಂದು ಸಭೆಯ ಅಧ್ಯಕ್ಷರು ತಿಳಿಸಿದರು. ನನ್ನದೊಂದು ಬಿನ್ನಹವಿದೆ. ನೀವು ತುಂಬುವ ಮಾಹಿತಿ ಹಾಳೆಯಲ್ಲಿ ಹಾಡಿನ ಪ್ರಕಾರ, ಸಂದರ್ಭ, ಪಾಠಾಂತರಗಳಿಗೆ ಜಾಗವಿರುತ್ತದೆ. ಹಾಡಿದವರ ಪೂರ್ತಿ ಹೆಸರು, ಅವರು ಸ್ವಂತ ಕಟ್ಟಿದ ನುಡಿ ಯಾವುದು, ಅವರ ಕೂಲಿ ಎಷ್ಟು, ದಿನದಲ್ಲಿ ಎಷ್ಟು ಹೊತ್ತು ಬಿಡುವು ಸಿಗುತ್ತದೆ ಎಂಬುದಕ್ಕೂ ಜಾಗ ಬಿಡಿ. ನಿಮಗೆ ಹಾಡಿ ಕೊಟ್ಟ ಆ ಹೊತ್ತಿನ ಕೂಲಿಯನ್ನು ಮರೆಯದೆ ಕೊಡಿ.

ಈಗ ಧ್ವನಿಮುದ್ರಣ ಕೇಳೋಣ. ಮೊದಲು ‘ವಿಲ್ಸನ್ ರ‍್ಯಾಗ್’, ಮಾತಿಲ್ಲದ ಗಿಟಾರು ತುಣುಕು. ಅದರಲ್ಲಿ ಮೇಲಿನ ಮಟ್ಟನ್ನು ಬಿಟ್ಟು ಕೆಳಗಿನ ಮಂದ್ರವನ್ನಷ್ಟೇ ಹಿಡಿದುಕೊಂಡು ಕೇಳಿ, ಎರಡು ಬೆರಳು ಮಾಡುತ್ತಿರುವ ಕೆಲಸ ತಿಳಿಯುತ್ತದೆ. ಆಮೇಲೆ 1958ರ ‘ಫ್ರೈಟ್ ಟ್ರೈನ್’. ದನಿ ಅರವತ್ತೈದರ ಹೆಂಗಸಿನದು, ಮಾತು ಹನ್ನೆರಡರ ಹುಡುಗಿಯದು. ಎರಡೂ ಮುಗಿದ ಮೇಲೆ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.